ನಿಂತಲ್ಲಿ ನಡುಗುವ ಕಾರು

ಓಡುವಾಗ ಆ ಕಾರಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಿಂತರೆ ಮಾತ್ರ ಅದಕ್ಕೆ ಚಳಿಜ್ವರ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದು ಗಾಡಿ ನಿಂತಿತೋ ಇಲ್ಲವೋ, ಮೊದಲು ಬಾನೆಟ್ಟು, ಆಮೇಲೆ ಕನ್ನಡಿಗಳು, ಆಮೇಲೆ ಒಳಗೆ ಕೂತವರ ಕೆನ್ನೆ, ಹೀಗೆ ಕ್ರಮವಾಗಿ ನಡುಕ ಹಬ್ಬಿ, ಕೊನೆಗೆ ಹಿಂದಿನ ನಂಬರ್ ಪ್ಲೇಟು ಕಟಕಟನೆ ಹಲ್ಲು ಕಡಿಯತೊಡಗುತ್ತಿತ್ತು. ಅದರೊಳಗೆ ಕೂತು ಯಾರಾದರೂ "ಚೆನ್ನಾಗಿದ್ದೀನಿ" ಎಂದರೆ, ಹೊರಗಿನವರಿಗೆ ಬಿಕ್ಕಿ ಬಿಕ್ಕಿ ಅಳುತ್ತಿರುವ ಹಾಗೆ ಕೇಳಿಸುತ್ತಿತ್ತು.

ಇಂಥ ಕಾರಿನ ಯಜಮಾನರನ್ನು ಬೀದಿಯವರು 'ತಜ್ಞರು' ಎಂದು ಕರೆಯುತ್ತಿದ್ದರು. ಅವರು ನೀರು ಸರಬರಾಜು ಕಚೇರಿಯ ದಾಖಲೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತರು. ಇಂಜಿನ್ನಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಒಮ್ಮೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರ ಸ್ಕೂಟರು ಬೀದಿಯ ನಡುವೆ ನಿಂತುಬಿಟ್ಟಾಗ, ಇವರು ಬಗ್ಗಿ ಅದಕ್ಕೆ ಕಿವಿಗೊಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ, "ಪೆಟ್ರೋಲ್ ಇಲ್ಲ" ಎಂದಿದ್ದರು. ನೋಡಿದರೆ ನಿಜವಾಗಿಯೂ ಇರಲಿಲ್ಲ. ಅಂದಿನಿಂದ ಬಿರುದು ಅಂಟಿಕೊಂಡಿತು. ಅದನ್ನು ಕಿತ್ತುಹಾಕುವ ಪ್ರಯತ್ನವನ್ನು ಅವರು ಮಾಡಲಿಲ್ಲ. ಮನುಷ್ಯನಿಗೆ ಬಿರುದು ಸಿಗುವುದೇ ಕಷ್ಟ.

ಇಂಜಿನ್ ಗೊತ್ತಿದ್ದದ್ದು ಅವರ ಅಣ್ಣನಿಗೆ. ಕಾರು ಅಣ್ಣನದೇ. ತಿಂಗಳಿಗೊಂದು ರಜಾ ದಿನ ಅಣ್ಣ ಬಾನೆಟ್ ಎತ್ತಿ ಒಳಗೆ ಬಗ್ಗಿದರೆ, ತಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಿದ್ದರು. ಹೀಗೆ ಇಪ್ಪತ್ತು ವರ್ಷ ಹಿಡಿದರು. "ಇಲ್ಲಿ ಹಿಡಿಯೋ. ಅಲ್ಲಲ್ಲ, ಆ ಕಡೆ ಹಿಂದುಗಡೆ ಬೇಡ, ಇಲ್ಲಿ. ನನ್ನ ಮೂಗಿಗೆ ಯಾಕೋ ಬೆಳಕು ಬಿಡ್ತೀಯ?" ಎಂದು ಬೈಸಿಕೊಂಡದ್ದೇ ಅವರ ವಿದ್ಯಾಭ್ಯಾಸ. ಇಂಜಿನ್ನಿಗಿಂತ ಅಣ್ಣನ ಕತ್ತಿನ ಹಿಂಭಾಗ ಅವರಿಗೆ ಚೆನ್ನಾಗಿ ಪರಿಚಯವಿತ್ತು. ಹತ್ತು ಹನ್ನೆರಡು ವರ್ಷದ ಹಿಂದೆ ಗಾಡಿಗೆ ಈ ನಡುಕ ಶುರುವಾದಾಗ ಒಮ್ಮೆ ಧೈರ್ಯ ಮಾಡಿ ಕೇಳಿದ್ದರು: "ಅಣ್ಣ, ಇದು ಯಾಕೆ ಹೀಗೆ ನಡುಗತ್ತೆ?"

"ಅದು ಹಾಗೇ ಇರಬೇಕು. ನೀನು ಟಾರ್ಚ್ ಹಿಡಿ."

ಹತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಣ್ಣ ಏಳಲಿಲ್ಲ. ಮಕ್ಕಳಿಲ್ಲದ ಮನೆ. ನೆಂಟರೆಲ್ಲ ಸೇರಿ ಕಾಫಿ ಕುಡಿಯುತ್ತ, ಈ ಹಳೇ ಡಬ್ಬವನ್ನು ಗುಜರಿಗೆ ಹಾಕುವುದೇ ವಾಸಿ ಎಂದು ತೀರ್ಮಾನಿಸುತ್ತಿದ್ದಾಗ, ಮೂಲೆಯಲ್ಲಿ ಕೂತಿದ್ದ ತಜ್ಞರು ಎದ್ದು ನಿಂತರು. "ಆ ಇಂಜಿನ್ನಿನ ಒಂದೊಂದು ಸ್ಕ್ರೂ ನನಗೆ ಗೊತ್ತು. ಅಣ್ಣ ನನಗೆ ಎಲ್ಲ ಕಲಿಸಿದ್ದಾನೆ. ನಾನು ನೋಡ್ಕೋತೀನಿ." ಕಣ್ಣಲ್ಲಿ ನೀರು ಸುರಿಯುತ್ತಿದ್ದುದರಿಂದ ಯಾರೂ ನಗಲಿಲ್ಲ. ಹೆಂಡತಿ ಮಾತ್ರ ಅವರ ಮುಖವನ್ನು ಒಮ್ಮೆ ನೋಡಿದಳು.

ಎಂಟು ತಿಂಗಳು ಕಾರು ಹೊದಿಕೆಯಡಿ ಮಲಗಿತ್ತು. ಆಮೇಲೆ ಒಂದು ದಿನ ಅತ್ತಿಗೆ ಕೀಲಿಯನ್ನು ತಂದು ಮೈದುನನ ಅಂಗೈಯಲ್ಲಿಟ್ಟರು. ಅತ್ತಿಗೆಗೆ ಹನ್ನೆರಡು ವರ್ಷದಿಂದ ಕಿವಿ ಕೇಳಿಸುವುದಿಲ್ಲ; ತುಟಿ ನೋಡಿ ಮಾತು ಹಿಡಿಯುತ್ತಾರೆ. ತಜ್ಞರೂ ಹೆಂಡತಿಯೂ ಬಸ್ಸಿನಲ್ಲಿ ಅಲ್ಲಿಗೆ ಹೋದಾಗಲೆಲ್ಲ, ಹೆಂಡತಿ ಅಡುಗೆಮನೆಯ ಕಿಟಕಿಯೆದುರು ನಿಂತು ಎರಡೂ ಕೈ ಬೀಸಿ ಕುಣಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

"ಮುಚ್ಚಿಟ್ಟರೆ ಇದೂ ಸತ್ತು ಹೋಗತ್ತೆ ಕಣೋ," ಎಂದರು ಅತ್ತಿಗೆ. "ತಗೊಂಡು ಹೋಗು. ಯಾವ ಭಾನುವಾರವಾದ್ರೂ ಸರಿ, ನಾಲ್ಕಕ್ಕೆ ಬಾ, ನನ್ನ ಒಂದು ಸುತ್ತು ಕರ್ಕೊಂಡು ಹೋಗು. ಈ ಹೊಸ್ತಿಲು ದಾಟಿ ಎಷ್ಟು ದಿನ ಆಯ್ತು ಅಂತ ನನಗೇ ಮರೆತು ಹೋಗಿದೆ."

"ಬರೋ ಮುಂಚೆ ಮೆಸೇಜ್ ಹಾಕ್ತೀನಿ ಅತ್ತಿಗೆ."

"ಅದೆಲ್ಲ ಬೇಡ. ಕಾರು ಬಂದ್ರೆ ನನಗೆ ಗೊತ್ತಾಗತ್ತೆ."

ಕಿವಿ ಕೇಳದವರಿಗೆ ಕಾರು ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು ತಜ್ಞರು ಕೇಳಲಿಲ್ಲ. ದುಃಖದಲ್ಲಿರುವವರು ಏನೇನೋ ಹೇಳುತ್ತಾರೆ ಎಂದುಕೊಂಡರು. ಹೊದಿಕೆ ತೆಗೆದಾಗ, ಮುಂದಿನ ಬಂಪರಿನ ನಟ್ಟನಡುವೆ ಬಣ್ಣ ಸವೆದು ತಗಡು ಕಾಣುತ್ತಿದ್ದುದು ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಇಂಜಿನ್ ಪಂಡಿತನಿಗೆ ನೆಟ್ಟಗೆ ಗಾಡಿ ನಿಲ್ಲಿಸಲು ಬರುತ್ತಿರಲಿಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಒಂದು ಚೂರು ಸಮಾಧಾನವೂ ಆಯಿತು. ಅಲ್ಲೇ ಒಂದು ಪ್ರತಿಜ್ಞೆ ಮಾಡಿದರು: ಈ ನಡುಕ ಹೋಗುವವರೆಗೂ ಅತ್ತಿಗೆಯ ಮನೆ ಬಾಗಿಲಿಗೆ ಕಾರು ಒಯ್ಯುವುದಿಲ್ಲ. ಅಷ್ಟು ನೊಂದ ಜೀವವನ್ನು ಇಂಥ ಗಾಡಿಯಲ್ಲಿ ಕೂರಿಸಿ ಅಲ್ಲಾಡಿಸುವುದೇ?

ಪ್ರತಿಜ್ಞೆ ಮಾಡಿ ಮುಗಿಯುವಷ್ಟರಲ್ಲಿ ಸಾರಿಗೆ ಕಚೇರಿಯಿಂದ ಕಾಗದ ಬಂತು. ಕಾರಿಗೆ ವಯಸ್ಸಾಗಿದೆ, ತಪಾಸಣೆಗೆ ತರಬೇಕು, ಎರಡು ಸಲ ನಪಾಸಾದರೆ ನೋಂದಣಿ ರದ್ದು. ಅಂದರೆ ಗುಜರಿ. ಅಣ್ಣನದೆಂದು ಉಳಿದಿದ್ದದ್ದು ಅದೊಂದೇ, ಅದೂ ಹೋಗುತ್ತದೆ. ಅತ್ತಿಗೆಗೆ ಕೊಟ್ಟ ಮಾತೂ ಹೋಗುತ್ತದೆ.

ಗ್ಯಾರೇಜಿಗೆ ಒಯ್ದರೆ ಮಾನ ಹೋಗುತ್ತಿತ್ತು. ಆದ್ದರಿಂದ ತಜ್ಞರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಒಂದು ಕಡತ ತೆರೆದರು. ನೀಲಿ ರಟ್ಟು, ಬಿಳಿ ದಾರ. ವಿಷಯ: ನಿಂತಾಗ ನಡುಕ. ಬೀದಿಯಲ್ಲಿ ತಿಳಿದವರ ಅಭಿಪ್ರಾಯಗಳನ್ನು ಒಂದೊಂದು ಹಾಳೆಯಲ್ಲಿ ಬರೆಸಿ, ದಿನಾಂಕ ಹಾಕಿಸಿ, ರುಜು ತೆಗೆದುಕೊಂಡು, ಸೇವಾ ಹಿರಿತನದ ಪ್ರಕಾರ ಜಾರಿಗೆ ತರುವುದೆಂದು ನಿಶ್ಚಯಿಸಿದರು. ಕಾಯಿಲೆಗೂ ಹಿರಿತನಕ್ಕೂ ಏನು ಸಂಬಂಧ ಎಂದು ಕೇಳುವವರು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ.

ಹಿರಿತನದಲ್ಲಿ ಮೊದಲನೆಯವರು ಹೆಡ್‌ಮಾಸ್ಟರು. ಅವರು ಕಾರಿನ ಸುತ್ತ ಎರಡು ಸುತ್ತು ಬಂದು, ತಪ್ಪಿತಸ್ಥ ಹುಡುಗನನ್ನು ನೋಡುವಂತೆ ನೋಡಿ, "ಹೊಟ್ಟೆ ಕೆಟ್ಟಿದೆ," ಎಂದರು. "ಎಂಟು ತಿಂಗಳ ಹಳೇ ಪೆಟ್ರೋಲು. ಪೂರ್ತಿ ಕಕ್ಕಿಸಿ." ತಜ್ಞರು ಟ್ಯಾಂಕಿಗೆ ಪೈಪು ಇಳಿಸಿ ಬಾಯಿಂದ ಎಳೆದರು. ಮೊದಲ ಗುಟುಕು ನೇರವಾಗಿ ಹೊಟ್ಟೆಗಿಳಿಯಿತು. ಎರಡು ದಿನ ಹೆಂಡತಿ ಅವರನ್ನು ಒಲೆಯ ಹತ್ತಿರ ಸುಳಿಯಲು ಬಿಡಲಿಲ್ಲ; ಊಟವನ್ನು ಜಗಲಿಗೇ ತಂದಿಟ್ಟು ದೂರ ಸರಿಯುತ್ತಿದ್ದಳು. ಹೊಸ ಪೆಟ್ರೋಲು ಕುಡಿದ ಕಾರು ಹೊಸ ಹುಮ್ಮಸ್ಸಿನಿಂದ ನಡುಗಿತು.

ಎರಡನೆಯವರು ಮೂಲೆಯ ಅಂಗಡಿಯ ದರ್ಜಿ. "ಸಾರ್, ನನ್ನ ಹೊಲಿಗೆ ಮೆಷಿನ್ನೂ ಹೀಗೇ ಕುಣೀತಿತ್ತು. ಕಾಲಡಿ ಬಟ್ಟೆ ತುರುಕಿದೆ, ತೆಪ್ಪಗಾಯ್ತು. ಇಂಜಿನ್ನಿನ ಅಕ್ಕಪಕ್ಕ ಮೆತ್ತೆ ಕೊಡಿ ಸಾರ್. ಅಲ್ಲಾಡೋಕೆ ಜಾಗ ಇದ್ರೆ ತಾನೇ ಅಲ್ಲಾಡೋದು?" ಅವನೇ ಕೋಟಿನ ಭುಜಕ್ಕೆ ಹಾಕುವ ಹತ್ತಿ ಮೆತ್ತೆಗಳನ್ನು ಒಂದು ಮೂಟೆ ತಂದು, ಇಂಜಿನ್ನಿನ ಸುತ್ತ ತುರುಕಿ, ಬಾಣಂತಿಯನ್ನು ಬೆಚ್ಚಗಿಡುವಂತೆ ಬೆಚ್ಚಗಿಟ್ಟ. ಕಾರು ಬೀದಿಯ ಕೊನೆ ಮುಟ್ಟುವ ಮೊದಲೇ ಬಾನೆಟ್ಟಿನಿಂದ ಹೊಗೆ ಎದ್ದಿತು. ಹೆಡ್‌ಮಾಸ್ಟರು ಬಕೆಟ್ ನೀರು ಹಿಡಿದು ಓಡಿ ಬಂದು, ವಯಸ್ಸಾದ ಕಣ್ಣಿನ ಅಂದಾಜಿನಲ್ಲಿ ಅಷ್ಟನ್ನೂ ತಜ್ಞರ ತಲೆಯ ಮೇಲೆ ಸುರಿದರು. ಆ ಸಂಜೆ ಕಡತದಲ್ಲಿ ಷರಾ ಬಿತ್ತು: 'ಹೊಗೆ ಬಂದಿತು. ಅರ್ಜಿದಾರರು ಒದ್ದೆಯಾದರು. ನಡುಕ ಯಥಾಸ್ಥಿತಿ.'

ಕಡತದ ಕೊನೆಯ ಹಾಳೆಯಲ್ಲಿ ಹೆಂಡತಿಯ ಅಭಿಪ್ರಾಯವಿತ್ತು. "ರೀ, ಗ್ಯಾರೇಜಿಗೆ ತೋರಿಸ್ರಿ." ಹಿರಿತನವಿಲ್ಲದ ಕಾರಣ ಅದನ್ನು ಯಾರೂ ಓದಲಿಲ್ಲ.

ತಪಾಸಣೆಯ ದಿನ ಇನ್ಸ್‌ಪೆಕ್ಟರು ಕಾರಿನೊಳಗೆ ಕೂತು, ಇಂಜಿನ್ ಚಾಲೂ ಇರಿಸಿ, ತೊಡೆಯ ಮೇಲೆ ನಮೂನೆಯಿಟ್ಟು ಸಹಿ ಮಾಡಲು ಹೊರಟರು. ಸಹಿ ಕಾಗದದ ಈ ತುದಿಯಿಂದ ಹೊರಟು, ಆ ತುದಿ ದಾಟಿ, ಅವರ ಪ್ಯಾಂಟಿನ ಮೇಲೆ ಮುಗಿಯಿತು. ಅವರು ಅದನ್ನೇ ಬಹಳ ಹೊತ್ತು ನೋಡಿದರು.

"ಇದು ನನ್ನ ಸಹಿ ಅಲ್ಲ," ಎಂದರು. "ಇದನ್ನ ನೋಡಿ ಮೇಲಿನವರು ನನ್ನನ್ನೇ ತಪಾಸಣೆಗೆ ಕಳಿಸ್ತಾರೆ. ಆಗಲ್ಲ."

"ಸಾರ್, ನಿಂತಾಗ ಮಾತ್ರ ಹೀಗೆ. ಓಡಿಸಿ ನೋಡಿ."

"ಓಡ್ತಾ ಓಡ್ತಾ ಸಹಿ ಮಾಡ್ಲೇನ್ರಿ? ಶುಕ್ರವಾರ ಇನ್ನೊಂದ್ಸಲ ತನ್ನಿ. ಆಗಲೂ ನಡುಗಿದ್ರೆ ಇಲ್ಲಿಂದಲೇ ಸೀದಾ ಗುಜರಿಗೆ." ಆಮೇಲೆ ಹಳೆಯ ದಾಖಲೆ ತಿರುವಿ ಹುಬ್ಬು ಗಂಟಿಕ್ಕಿದರು. "ವಿಚಿತ್ರ. ಐದು ವರ್ಷದ ಹಿಂದೆ ನಾನೇ ಪಾಸ್ ಮಾಡಿದ್ದೀನಿ. ನಿಮ್ಮಣ್ಣ ತಂದಿದ್ರು. ಕಲ್ಲಿನ ಹಾಗೆ ನಿಂತಿತ್ತು ಗಾಡಿ."

ಐದು ವರ್ಷದ ಹಿಂದೆಯೂ ಅದು ನಡುಗುತ್ತಿತ್ತು ಎಂಬುದು ತಜ್ಞರಿಗೆ ಚೆನ್ನಾಗಿ ನೆನಪಿತ್ತು. ಏನೂ ಅರ್ಥವಾಗದೆ, ತಲೆ ಕೆರೆದುಕೊಳ್ಳುತ್ತ ಮನೆಗೆ ಬಂದರು. ಊಟ ಸೇರಲಿಲ್ಲ. ಶುಕ್ರವಾರಕ್ಕೆ ನಾಲ್ಕು ದಿನ. ಹತಾಶೆಯಲ್ಲಿ ಮನುಷ್ಯ ತನಗೆ ಗೊತ್ತಿಲ್ಲದ್ದನ್ನೆಲ್ಲ ಬಿಚ್ಚುತ್ತಾನೆ. ತಜ್ಞರು ಇಂಜಿನ್ನಿನ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಫಳಫಳ ಹೊಳೆಯುವಂತೆ ಉಜ್ಜಿ ಮತ್ತೆ ಕೂರಿಸಿದರು. ಅವುಗಳಿಗೆ ಕಿಡಿ ತರುವ ನಾಲ್ಕು ತಂತಿಗಳು ಹಿಂದೆಮುಂದಾಗಿ ಜೋಡಣೆಯಾಗಿದ್ದದ್ದು ಅವರ ಕಣ್ಣಿಗೆ ಬಿತ್ತು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಂಥ ಅವ್ಯವಸ್ಥೆಯನ್ನು ಅವರು ಸಹಿಸಿದವರಲ್ಲ. ಸಿಕ್ಕಿತು ಕಾರಣ ಎಂದು ಹಿಗ್ಗಿ, ತಂತಿಗಳಿಗೆ ಚೀಟಿ ಅಂಟಿಸಿ, ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಜೋಡಿಸಿ ಕೀಲಿ ತಿರುಗಿಸಿದರು.

ಕಾರು ಸಿಡಿಯಿತು. ಹೊಗೆಕೊಳವೆಯಿಂದ ಹೊರಟ ಆ ಢಂ ಎಂಬ ಸದ್ದಿಗೆ ದರ್ಜಿ ಮೆಷಿನ್ನಿನಡಿಗೆ ನುಗ್ಗಿದ. ಹೆಡ್‌ಮಾಸ್ಟರು ಮತ್ತೆ ಬಕೆಟ್ ಹುಡುಕಿದರು. ಆಮೇಲೆ ಇಂಜಿನ್ನು ಜಪ್ಪಯ್ಯ ಎಂದರೂ ಏಳಲಿಲ್ಲ. ಹೆಂಡತಿ ಹೊರಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರನ್ನು ಹಿಂದಿನಿಂದ ತಳ್ಳತೊಡಗಿದಳು. ಹೆಡ್‌ಮಾಸ್ಟರೂ ದರ್ಜಿಯೂ ಕೈಜೋಡಿಸಿದರು. ಹಾಡುಹಗಲಲ್ಲಿ, ಬೀದಿಯೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ತಜ್ಞರು ಸ್ಟೀರಿಂಗ್ ಹಿಡಿದು ಗ್ಯಾರೇಜಿಗೆ ಮೆರವಣಿಗೆ ಹೋದರು.

ಗ್ಯಾರೇಜಿನವನು ಮಾತು ಕಡಿಮೆಯ, ಮುಖ ಗಂಟು ಹಾಕಿಕೊಂಡೇ ಹುಟ್ಟಿದವನಂಥ ಮನುಷ್ಯ. ಅವನು ಚೀಟಿಗಳನ್ನು ನೋಡಿದ. ಆಮೇಲೆ ತಜ್ಞರನ್ನು ನೋಡಿದ.

"ಇಂಜಿನ್ನಿಗೆ ಒಂದಾದ ಮೇಲೆ ಮೂರು, ಆಮೇಲೆ ನಾಲ್ಕು, ಕೊನೆಗೆ ಎರಡು."

"ಎರಡು ಏನ್ರಿ ತಪ್ಪು ಮಾಡಿತ್ತು?" ಎಂದರು ತಜ್ಞರು, ನಿಜವಾದ ನೋವಿನಿಂದ.

ಅವನು ತಂತಿ ಬದಲಿಸಿದ, ಇಂಜಿನ್ನು ಎದ್ದಿತು, ಯಥಾಪ್ರಕಾರ ನಡುಗಿತು. ತಳ್ಳಿದವರೆಲ್ಲ ಮನೆಗೆ ಹೋದರು. ಗ್ಯಾರೇಜಿನವನು ಒಂದು ಮೊಳದ ರಬ್ಬರ್ ಪೈಪಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಇಂಜಿನ್ನಿನ ಮೇಲೆಲ್ಲ ಆಡಿಸುತ್ತ, ಹಿಂಬದಿಯ ಕತ್ತಲಲ್ಲಿ ಒಂದು ಕಡೆ ನಿಂತ. "ಟಾರ್ಚ್ ಹಿಡೀರಿ," ಎಂದ. ತಜ್ಞರು ಹಿಡಿದರು. ಅದೇ ಜಾಗ. ಹತ್ತು ಹನ್ನೆರಡು ವರ್ಷ ಅಣ್ಣ ಬೆಳಕು ಬಿಡಬೇಡ ಎಂದ ಮೂಲೆ.

"ನೋಡಿ, ಇದು ಗಾಳಿ ಕೊಳವೆ. ಇಲ್ಲೊಂದು ತೂತು. ಕಳ್ಳಗಾಳಿ ಒಳಗೆ ಹೋಗ್ತಿದೆ. ಓಡುವಾಗ ಇಂಜಿನ್ನು ಲೆಕ್ಕಕ್ಕೆ ತಗೊಳಲ್ಲ, ನಿಂತಾಗ ತಡ್ಕೊಳಲ್ಲ." ಬೆರಳಿನಿಂದ ಸವರಿ ನೋಡಿದ. "ಆದ್ರೆ ಇದು ಹಳೇದಾಗಿ ಬಿರಿದದ್ದಲ್ಲ ಸಾರ್. ಯಾರೋ ಬೇಕೂಂತ್ಲೇ ಕೊರೆದಿದಾರೆ. ದುಂಡಗಿದೆ. ಪಕ್ಕದಲ್ಲಿ ಬಿರಡೇನೂ ಕಟ್ಟಿಟ್ಟಿದಾರೆ."

ತೂತಿನ ಪಕ್ಕದಲ್ಲಿ ನೀಲಿ ದಾರದ ತುದಿಗೆ ಒಂದು ಗಿಡ್ಡ ಸ್ಕ್ರೂ ನೇತಾಡುತ್ತಿತ್ತು. ಗ್ಯಾರೇಜಿನವನು ಅದನ್ನು ತೂತಿಗೆ ಒತ್ತಿ ತಿರುಗಿಸಿದ. ಕಾರು ಎಷ್ಟು ನಿಶ್ಶಬ್ದವಾಯಿತೆಂದರೆ ಸತ್ತೇ ಹೋಯಿತೆಂದು ತಜ್ಞರು ಬಗ್ಗಿ ಕಿವಿಗೊಟ್ಟರು. ಸತ್ತಿರಲಿಲ್ಲ.

"ಯಾರೋ ನಿಮ್ಮಣ್ಣನ ಮೇಲೆ ಹೊಟ್ಟೆಕಿಚ್ಚಿಗೆ ಮಾಡಿರಬೇಕು."

ತಜ್ಞರು ದಾರವನ್ನೇ ನೋಡುತ್ತಿದ್ದರು. ಎರಡು ಸುತ್ತು, ಒಂದು ಗಂಟು, ಮತ್ತೆ ಎರಡು ಸುತ್ತು. ಆ ಗಂಟು ಹಾಕುತ್ತಿದ್ದವರು ಭೂಮಿಯ ಮೇಲೆ ಒಬ್ಬರೇ ಇದ್ದರು. ತಮ್ಮನ ಶಾಲೆಯ ಬೂಟಿನ ಲೇಸಿಗೂ ಆ ಕೈ ಅದೇ ಗಂಟು ಹಾಕಿತ್ತು. ಬೇಕೆಂದೇ ತೂತು ಕೊರೆದು, ತಪಾಸಣೆಗೆ ಒಯ್ಯುವಾಗ ಮುಚ್ಚಿ, ತಂದ ಮೇಲೆ ತೆಗೆದು, ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತ ತಮ್ಮನಿಗೂ ಹೇಳದೆ ಅಣ್ಣ ಇಷ್ಟು ವರ್ಷ ನಡೆಸಿದ್ದ. ಯಾಕೆ? ತನ್ನನ್ನು ಅಣ್ಣ ಕೊನೆಗೂ ನಂಬಲಿಲ್ಲವಲ್ಲ ಎಂಬುದೊಂದೇ ಆಗ ತಮ್ಮನ ತಲೆಗೆ ಹೊಳೆದದ್ದು.

"ಇದನ್ನ ಯಾರಿಗೂ ಹೇಳಬೇಡಿ," ಎಂದರು.

ಶುಕ್ರವಾರ ಇನ್ಸ್‌ಪೆಕ್ಟರ ಸಹಿ ಮುತ್ತಿನಂತೆ ಮೂಡಿತು. ಅವರಿಗೇ ಖುಷಿಯಾಗಿ ಕೆಳಗೆ ಇನ್ನೊಂದು ಗೆರೆ ಎಳೆದರು. ಬೀದಿಯಲ್ಲಿ ಹೆಡ್‌ಮಾಸ್ಟರು, "ಟ್ಯಾಂಕು ತೊಳೆದದ್ದರ ಫಲ, ನಿಧಾನಕ್ಕೆ ಕಾಣಿಸಿತು," ಎಂದು ಸಾರಿದರು. ದರ್ಜಿ, "ಮೆತ್ತೆಯ ಬಿಸಿಗೆ ಒಳಗಿನದೆಲ್ಲ ಹದಕ್ಕೆ ಬಂತು," ಎಂದ. ತಜ್ಞರು ಇಬ್ಬರಿಗೂ ಕೈ ಮುಗಿದರು. ಬಿರುದು ಉಳಿಯಿತು.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಅತ್ತಿಗೆಯ ಮನೆ ತಲುಪಿದರು. ಅಡುಗೆಮನೆಗೆ ಅಂಟಿಕೊಂಡೇ ಕಾರು ನಿಲ್ಲಿಸುವ ಮಾಡು; ನಡುವೆ ಹಲಗೆಯ ಗೋಡೆ. ಗೋಡೆಯ ಮೇಲೆ ಬಂಪರಿನ ಎತ್ತರಕ್ಕೆ ಒಂದು ಸವೆದ ತಗ್ಗು. ಅಣ್ಣನ ಕೆಟ್ಟ ಅಭ್ಯಾಸಕ್ಕೆ ಗೌರವ ಕೊಟ್ಟು ತಜ್ಞರೂ ಬಂಪರನ್ನು ಆ ತಗ್ಗಿಗೇ ತಾಗಿಸಿ ನಿಲ್ಲಿಸಿದರು. ಅತ್ತಿಗೆ ಬಂದು ನೋಡಿ ಬೆರಗಾಗಲಿ ಎಂದು ಇಂಜಿನ್ ಆರಿಸಲಿಲ್ಲ. ಅದು ಓಡುತ್ತಿದೆಯೇ ಎಂದು ಅವರಿಗೇ ಅನುಮಾನ ಬರುವಷ್ಟು ತಣ್ಣಗಿತ್ತು.

ಬಾಗಿಲು ತೆರೆಯಲಿಲ್ಲ. ಕೇಳದ ಕಿವಿಗೆ ಹಾರ್ನೇನು, ಗಂಟೆಯೇನು ಎಂದುಕೊಂಡು ಕಿಟಕಿಗೆ ಹೋದರು. ಅತ್ತಿಗೆ ಒಳಗೇ ಇದ್ದರು. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಚಪ್ಪಲಿ ಮೆಟ್ಟಿ, ಕೈಚೀಲ ಮಡಿಲಲ್ಲಿಟ್ಟು, ಕಿಟಕಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಒಲೆಯ ಮೇಲಿನ ಹಾಲು ನೋಡುವ ಹಾಗೆ, ಹಲಗೆ ಗೋಡೆಗೆ ಹೊಡೆದಿದ್ದ ಲೋಟಗಳ ಗೂಡನ್ನೇ ನೋಡುತ್ತಿದ್ದರು.

ತಜ್ಞರು ಕೈ ಬೀಸಿದರು. ಹೆಂಡತಿಯ ಹಾಗೆ ಕುಣಿದೂ ನೋಡಿದರು. ಗಾಜು ಬಡಿದರು. ಅತ್ತಿಗೆ ತಿರುಗಲಿಲ್ಲ. ನಾಲ್ಕೂಕಾಲಾಯಿತು, ನಾಲ್ಕೂವರೆಯಾಯಿತು. ಎರಡು ತಿಂಗಳು ತಡಮಾಡಿದ್ದಕ್ಕೆ ಸಿಟ್ಟು ಬಂದಿರಬೇಕು, ಬೇಕೆಂದೇ ನೋಡುತ್ತಿಲ್ಲ ಎಂದುಕೊಂಡು ಮುಖ ಸಪ್ಪೆ ಮಾಡಿ ನಿಂತರು. ಆಗ ಅತ್ತಿಗೆ ಚೀಲವನ್ನು ಕೆಳಗಿಟ್ಟರು. ಬಗ್ಗಿ, ನಿಧಾನವಾಗಿ, ಒಂದು ಚಪ್ಪಲಿ ಕಳಚಿದರು. ಆಮೇಲೆ ಕೊನೆಯ ಸಲ ಎಂಬಂತೆ ತಲೆಯೆತ್ತಿ ಮತ್ತೆ ಲೋಟಗಳ ಕಡೆ ನೋಡಿದರು.

ತಜ್ಞರು ಲೋಟಗಳನ್ನು ನೋಡಿದರು. ಗೋಡೆಯನ್ನು ನೋಡಿದರು. ಗೋಡೆಗೆ ಮೂತಿ ತಾಗಿಸಿ ತೆಪ್ಪಗೆ ನಿಂತ ಕಾರನ್ನು ನೋಡಿದರು. ಕಾರು ಬಂದ್ರೆ ನನಗೆ ಗೊತ್ತಾಗತ್ತೆ ಎಂದಿದ್ದರಲ್ಲವೇ.

ಅವರ ವಯಸ್ಸಿನವರು ಹಾಗೆ ಓಡಬಾರದು. ಬಾನೆಟ್ ಎತ್ತಿ, ಟಾರ್ಚ್ ಇಲ್ಲದೆಯೇ ಆ ಕತ್ತಲ ಮೂಲೆಗೆ ಕೈಹಾಕಿ, ಬೆರಳು ಸುಟ್ಟುಕೊಂಡು, ಸ್ಕ್ರೂವನ್ನು ತಿರುಗಿಸಿ ಎಳೆದರು. ಕಾರಿಗೆ ಚಳಿ ಬಂತು. ಬಾನೆಟ್ಟು ನಡುಗಿತು, ಕನ್ನಡಿ ನಡುಗಿತು, ನಂಬರ್ ಪ್ಲೇಟು ಹಲ್ಲು ಕಡಿಯಿತು, ಬಂಪರು ಹಲಗೆ ಗೋಡೆಯನ್ನು ಗಡಗಡ ಅಲ್ಲಾಡಿಸಿತು. ಕಿಟಕಿಗೆ ಓಡಿ ಬಂದು ನೋಡಿದರೆ, ಗೂಡಿನಲ್ಲಿ ಲೋಟಗಳೆಲ್ಲ ಒಂದಕ್ಕೊಂದು ತಾಗಿ ಕುಣಿಯುತ್ತಿದ್ದವು. ಅತ್ತಿಗೆ ಎದ್ದು ನಿಂತಿದ್ದರು. ಕೈಯಿಂದ ಕೂದಲು ಸರಿಪಡಿಸಿಕೊಂಡರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಬಾಗಿಲಿಗೆ ಧಾವಿಸಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಹತ್ತು ತಿಂಗಳಲ್ಲಿ ಯಾರೂ ಕಂಡಿರಲಿಲ್ಲ.

ಬಾಗಿಲು ತೆರೆಯಿತು. ಅತ್ತಿಗೆಯ ಕಣ್ಣು ಮೊದಲು ಕಾರಿನ ಮೇಲೆ, ಆಮೇಲೆ ಖಾಲಿ ಸೀಟಿನ ಮೇಲೆ, ಕೊನೆಗೆ ಕೈಯೆಲ್ಲ ಮಸಿಯಾಗಿ ನಿಂತಿದ್ದ ಮೈದುನನ ಮೇಲೆ ಬಿತ್ತು. ಬೆಳಕು ಆರಿತು. ಅದನ್ನು ನೋಡಬಾರದಿತ್ತು ಎಂದು ತಜ್ಞರಿಗೆ ಅನಿಸಿತು.

"ನೀನಾ," ಎಂದರು ಅತ್ತಿಗೆ.

"ಹೂಂ ಅತ್ತಿಗೆ."

"ತಡ ಮಾಡಿದೆ." ತಮ್ಮ ಬರಿಗಾಲನ್ನು ನೋಡಿಕೊಂಡು, "ಇರು, ಇನ್ನೊಂದು ಚಪ್ಪಲಿ ಹಾಕ್ಕೊಂಡು ಬರ್ತೀನಿ," ಎಂದರು.

ಕಾರಿನಲ್ಲಿ ಕೂತ ಮೇಲೆ ಅತ್ತಿಗೆ ಅಂಗೈಯನ್ನು ಎದುರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು ನಡುಕವನ್ನು ಸವರಿದರು. "ನಾನೊಂದ್ಸಲ ಬಾಗಿಲಿನ ಗಂಟೆ ಕೇಳಿಸದೇ ಅವರನ್ನ ಮಳೇಲಿ ನಿಲ್ಲಿಸಿಬಿಟ್ಟಿದ್ದೆ ಕಣೋ, ಎರಡು ಗಂಟೆ. ಆಮೇಲೆ ನೋಡು, ನನ್ನ ಪುಣ್ಯಕ್ಕೆ ಇದಕ್ಕೇ ಈ ಕಾಯಿಲೆ ಬಂತು. ಅವರು ರಿಪೇರಿ ಮಾಡ್ಬೋದಿತ್ತು, ಕೈ ಹಾಕ್ಲಿಲ್ಲ. ನೀನೂ ಹಾಕ್ಬೇಡ."

"ನನಗೆ ಬರೋದೇ ಇಲ್ಲ ಅತ್ತಿಗೆ," ಎಂದರು ತಜ್ಞರು. "ನಾನು ಬರೀ ಟಾರ್ಚ್ ಹಿಡೀತಿದ್ದೆ."

ಅತ್ತಿಗೆ ರಸ್ತೆ ನೋಡುತ್ತಿದ್ದರು, ಅವರ ತುಟಿ ನೋಡುತ್ತಿರಲಿಲ್ಲ. ಹಾಗಾಗಿ ಕೇಳಿಸಲಿಲ್ಲ.

ಸಂಜೆ ಕಾರು ಕಟಕಟ ಎನ್ನುತ್ತ ಬೀದಿಗೆ ಬಂದು ನಿಂತಾಗ ಹೆಡ್‌ಮಾಸ್ಟರು ಪತ್ರಿಕೆ ಬಿಸಾಡಿ ಹೊರಗೆ ಬಂದರು. "ಮತ್ತೆ ಶುರುವಾಯ್ತೇನ್ರಿ? ಎರಡೇ ದಿನಕ್ಕೆ? ನೀವು ಎಂಥ ತಜ್ಞರ್ರೀ!" ದರ್ಜಿ, "ಸಾರ್, ಕಡತದಿಂದ ನನ್ನ ಹಾಳೆ ಕಿತ್ತುಬಿಡಿ. ನನ್ನ ಹೆಸರು ಕೆಡತ್ತೆ," ಎಂದ. ಮುಂದಿನ ವಾರದ ಹೊತ್ತಿಗೆ ಬೀದಿಯಲ್ಲಿ ಬಿರುದು ಬದಲಾಗಿತ್ತು. ಈಗ ಅವರನ್ನು 'ಗಡಗಡ' ಎಂದು ಕರೆಯುತ್ತಾರೆ. ಎದುರಿಗೇ ಕರೆಯುತ್ತಾರೆ, ಅವರು ತಿರುಗಿಯೂ ನೋಡುತ್ತಾರೆ.

ಅಂದು ಅವರು ಸೀದಾ ಒಳಗೆ ಹೋಗಿ ಕಡತ ಬಿಚ್ಚಿದರು. ಕೊನೆಯ ಹಾಳೆಯಲ್ಲಿ, ಹೆಂಡತಿಯ ಅಭಿಪ್ರಾಯದ ಕೆಳಗೆ, ದುಂಡಗಿನ ಅಕ್ಷರದಲ್ಲಿ ಬರೆದರು: 'ಪರಿಶೀಲಿಸಲಾಯಿತು. ನಡುಕಕ್ಕೆ ಕಾರಣ ತಿಳಿದುಬಂದಿಲ್ಲ. ಕಡತ ಮುಕ್ತಾಯ.' ಕೆಳಗೆ ರುಜು ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಗೊತ್ತಿಲ್ಲದ ಸಂಗತಿಗಳ ಮೇಲೆ ಗೊತ್ತಿದೆಯೆಂದು ಅವರು ಎಷ್ಟೋ ಷರಾ ಬರೆದಿದ್ದರು. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ಬರೆದದ್ದು ಅದೇ ಮೊದಲು.

"ರೀ, ನಿಜವಾಗ್ಲೂ ಗೊತ್ತಾಗ್ಲಿಲ್ವಾ?" ಎಂದು ಹೆಂಡತಿ ಅವರ ಸುಟ್ಟ ಬೆರಳು ನೋಡುತ್ತ ಕೇಳಿದಳು.

"ಇಲ್ಲ ಕಣೇ," ಎಂದರು ಅವರು. ಆಮೇಲೆ ಕಡತಕ್ಕೆ ದಾರ ಬಿಗಿದರು. ಎರಡು ಸುತ್ತು, ಒಂದು ಗಂಟು, ಮತ್ತೆ ಎರಡು ಸುತ್ತು.